ನಮ್ಮತ್ತೆಯ ಕೊಳಲಿಗೆ ಕುಟ್ಟೆ ಹಿಡಿದ ವರ್ಷ

ನಾನು ಮದುವೆಯಾಗಿ ಹಳೇಬೀಡಿಗೆ ಬಂದ ದಿನ, ಹೊಸಿಲು ದಾಟಿ ತಲೆ ಎತ್ತಿದಾಗ ಮೊದಲು ಕಂಡದ್ದು ಕೊಳಲುಗಳು. ಬೇರೆಯವರ ಮನೆಯಲ್ಲಿ ಹಿರಿಯರ ಫೋಟೋ, ಕ್ಯಾಲೆಂಡರು ಇರುವ ಜಾಗದಲ್ಲಿ, ಹಜಾರದ ಉದ್ದ ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ದಾರ, ದಾರಕ್ಕೊಂದು ಕೊಳಲು. ನಡುನಡುವೆ ಹೆಬ್ಬೆರಳುದ್ದದ ಮರದ ಸೀಟಿಗಳು, ಮಕ್ಕಳ ಪೀಪಿಗಳು. ನಾನು ಮೈಸೂರಿನಲ್ಲಿ ಬೆಳೆದು ಬಿ.ಎ. ಮುಗಿಸಿ ಬಂದವಳು. ಇವರದು ಸಂಗೀತದ ಮನೆತನವೇ ಇರಬೇಕು, ನನಗೋ ಸರಿಗಮವೂ ಬಾರದು, ಇನ್ನೇನು ಗತಿ ಎಂದು ಆರತಿ ತಟ್ಟೆಯ ಮುಂದೆಯೇ ಎದೆ ಹೊಡೆದುಕೊಂಡಿತು.

ಎರಡು ದಿನ ತಡೆದುಕೊಂಡು ಆಮೇಲೆ ಕೇಳಿಯೇಬಿಟ್ಟೆ. "ಅತ್ತೆ, ಇವನ್ನೆಲ್ಲ ಯಾರು ಊದ್ತಾರೆ?"

"ಯಾರೂ ಊದಲ್ಲ" ಎಂದರು ಅತ್ತೆ, ಮೊರದಲ್ಲಿ ಅಕ್ಕಿ ಕೇರುತ್ತ. "ಊದೋಕೆ ಬೇರೆಯವರಿದ್ದಾರೆ. ನಾನು ಕೇಳೋಳು."

ಅತ್ತೆಯ ಹೆಸರು ಕಾಂಚನಮಾಲಾ. ಹುಟ್ಟಿದ್ದು ಬಸ್ತಿಹಳ್ಳಿ, ಕೊಟ್ಟದ್ದು ಹಳೇಬೀಡು; ಒಲೆಯ ಮೇಲೆ ಅನ್ನಕ್ಕಿಟ್ಟು ಹೋದರೆ ಅದು ಬೇಯುವಷ್ಟರಲ್ಲಿ ತವರಿಗೆ ಹೋಗಿ ಬರಬಹುದು. "ನನ್ನ ಕಳಿಸಿಕೊಡೋವಾಗ ನಮ್ಮಪ್ಪ ಗೊಳೋ ಅಂತ ಅತ್ತರು ಕಣೇ. ಮಾರನೇ ದಿನ ಬೆಳಿಗ್ಗೆ ನಾನು ಹೋಗಿ ಅಲ್ಲೇ ತಿಂಡಿ ತಿಂದು ಬಂದೆ" ಎಂದು ನಗುತ್ತಿದ್ದರು. ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಮಾವ ಅನಂತನಾಥರದು ತೆಂಗಿನಕಾಯಿ, ಕೊಬ್ಬರಿ ವ್ಯಾಪಾರ. ವಾರಕ್ಕೊಮ್ಮೆ ಅರಸೀಕೆರೆಯ ಮಾರುಕಟ್ಟೆಗೆ ಹೋಗುತ್ತಿದ್ದರು. ಬರುವಾಗ ಬೇರೆ ಹೆಂಗಸರಿಗೆ ಗಂಡಂದಿರು ಸೀರೆಯೋ ಹೂವೋ ತಂದರೆ, ನಮ್ಮ ಮಾವ ಚೀಲದಿಂದ ಕೊಳಲು ತೆಗೆಯುತ್ತಿದ್ದರು. "ಒಡವೆ ತಂದ್ರೆ ಪೆಟ್ಟಿಗೆ ಸೇರುತ್ತೆ, ಕೊಳಲು ತಂದ್ರೆ ಗೋಡೆಗಾದ್ರೂ ಬರುತ್ತೆ. ಅಗ್ಗದ ಹೆಂಡತಿ ನಂದು" ಎಂದು ಅವರ ಹಾಸ್ಯ.

ಈ ಹುಚ್ಚು ಹತ್ತಿದ್ದು ಅತ್ತೆ ಇನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ. ಬಸ್ತಿಹಳ್ಳಿಯ ಬಸದಿಯ ಬಾಗಿಲು ಸರಿಮಾಡಲು ಬೇಲೂರಿನಿಂದ ಒಬ್ಬ ಬಡಗಿ ಬಂದಿದ್ದನಂತೆ. ಅವನು ಮಿಕ್ಕ ಹಾಲೆಮರದ ಚೂರಿನಲ್ಲಿ ಒಂದು ಸೀಟಿ ಮಾಡಿ, ಊದಿ ನೋಡಿ, ಅಲ್ಲೇ ಆಡುತ್ತಿದ್ದ ಈ ಹುಡುಗಿಗೆ ಕೊಟ್ಟ. ಹುಡುಗಿ ಬಾಯಿಗಿಡುವಷ್ಟರಲ್ಲಿ ಅಜ್ಜಿ ಬಂದು ಕಿತ್ತುಕೊಂಡರು. "ಅವನು ಬಾಯಿಟ್ಟದ್ದು ಕಣೇ, ಎಂಜಲು!" ಹುಡುಗಿ ಅಳಲಿಲ್ಲ. ಸೀಟಿಯನ್ನು ಬಡಗಿಯ ಕೈಗೇ ವಾಪಸು ಕೊಟ್ಟು, "ಹಾಗಾದ್ರೆ ನೀನು ಊದು, ನಾನು ಕೇಳ್ತೀನಿ" ಎಂದಿತಂತೆ. ಅಲ್ಲಿಗೆ ಹಂಚಿಕೆ ಆಗಿಹೋಯಿತು: ಊದುವುದು ಅವರ ಪಾಲು, ಕೇಳುವುದು ಇವರ ಪಾಲು.

ಕೇಳುವುದನ್ನು ಅತ್ತೆ ಒಂದು ವಿದ್ಯೆಯ ಹಾಗೆ ಮಾಡಿಕೊಂಡಿದ್ದರು. ಕೆರೆಯ ಕಡೆಗೆ ದನ ಹೊಡೆದುಕೊಂಡು ಹೋಗುವವರನ್ನು, ಕಾಯಿ ಹೇರಿಕೊಂಡು ಬರುವ ಗಾಡಿಯವರನ್ನು ಜಗಲಿಯಿಂದಲೇ ನಿಲ್ಲಿಸುವರು. "ಏನಪ್ಪಾ, ಸೊಂಟದಲ್ಲಿ ಸಿಗಿಸಿರೋದು ಯಾರು ಮಾಡಿದ್ದು?" ಅವನು ತೆಗೆದುಕೊಟ್ಟರೆ ಬೆಳಕಿಗೆ ಹಿಡಿದು ಒಳಗನ್ನು ನೋಡುವರು. ಗಂಟನ್ನು ನಯವಾಗಿ ಒಡೆದಿದ್ದಾರೆಯೇ, ತೂತನ್ನು ಚಾಕುವಿನಲ್ಲಿ ಕೊರೆದದ್ದೋ ಕಾಯಿಸಿದ ಕಂಬಿಯಲ್ಲಿ ಸುಟ್ಟದ್ದೋ, ಬೆರಳು ಕೂರುವ ಕಡೆ ಅಂಚು ಸವೆದಿದೆಯೋ. ಆಮೇಲೆ ಅಂಗೈಗೆ ಮೆಲ್ಲಗೆ ಬಡಿದು ಕಿವಿಯ ಹತ್ತಿರ ಹಿಡಿಯುವರು. ಕೊನೆಗೆ, "ಊದು." ಮೆಚ್ಚುಗೆಯಾದರೆ ಬದಲಿಗೆ ಅವನು ಕೇಳಿದಷ್ಟು ಕಾಯಿ, ಬೆಲ್ಲ. ಒಮ್ಮೆ ಕೇಳಿದ ಕೊಳಲಿನ ದನಿಯನ್ನು ಅವರು ಮರೆತದ್ದನ್ನು ನಾನು ಕಾಣೆ.

"ದನ ಕಾಯೋರದು ಗಿಡ್ಡ ಕೊಳಲು, ಕುರಿ ಕಾಯೋರದು ಉದ್ದ. ದನ ಒಂದು ಕೂಗಿಗೆ ಬರುತ್ತೆ. ಕುರಿಗೆ ಕಥೆ ಹೇಳ್ಬೇಕು" ಎಂದು ನನಗೆ ಪಾಠ ಹೇಳುತ್ತಿದ್ದರು. ಬೇಲೂರಿನಲ್ಲಿ ಟೂರಿಸ್ಟುಗಳಿಗೆ ಮಾರುವ, ಬಣ್ಣದ ದಾರ ಸುತ್ತಿ ವಾರ್ನಿಷ್ ಹೊಡೆದ ಕೊಳಲನ್ನು ನನ್ನ ಗಂಡ ಧನ್ಯಕುಮಾರ ಒಮ್ಮೆ ಪ್ರೀತಿಯಿಂದ ತಂದುಕೊಟ್ಟರು. ಅತ್ತೆ ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ ಕಣೋ. ಆದ್ರೆ ಇದು ಕೊಳಲಲ್ಲ, ಕೊಳಲಿನ ಫೋಟೋ" ಎಂದು ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಟ್ಟರು.

ಗೋಡೆಗೆ ಬರುವುದಕ್ಕೆ ಇನ್ನೂ ಒಂದು ಕಟ್ಟುಪಾಡಿತ್ತು. ಮರ, ಬಿದಿರು ಬಿಟ್ಟರೆ ಬೇರೇನೂ ಕೂಡದು. ಕೊಂಬಿನ ಪೀಪಿ, ಮೂಳೆಯ ಸೀಟಿ ಎಷ್ಟೇ ಚೆಂದವಿದ್ದರೂ ಜಗಲಿ ಹತ್ತುತ್ತಿರಲಿಲ್ಲ. ಹೀಗಿದ್ದೂ ಅತ್ತೆ ಒಂದು ಸಲ ಪೇಚಿಗೆ ಸಿಕ್ಕಿದ್ದರು. ಯಾವನೋ ಒಬ್ಬ ಕುಳ್ಳ ಮನುಷ್ಯ ಒಂದು ಪುಟ್ಟ ಮರದ ಸೀಟಿ ತಂದು ಊದಿದಾಗ, ಬೇಲಿಯಾಚೆಯಿಂದ ನಿಜವಾದ ಗೌಜಲಹಕ್ಕಿಯೇ ಓಗೊಟ್ಟಿತಂತೆ. ಅತ್ತೆ ಬೆರಗಾಗಿ, "ಇದರಿಂದ ಏನು ಮಾಡ್ತೀಯಪ್ಪ?" ಎಂದರು.

"ಇನ್ನೇನು ಅಮ್ಮಾರೆ, ಕರೀತೀನಿ. ಬತ್ತವೆ. ಬಲೆಗೆ ಬೀಳ್ತವೆ."

ಅದು ಇನ್ನೊಂದು ಹಕ್ಕಿಯನ್ನು ಕರೆಯಬಾರದೆಂದು ಅತ್ತೆ ಅಲ್ಲೇ ಕೊಂಡು, ಒಂದು ಬಟ್ಟೆಯಲ್ಲಿ ಸುತ್ತಿಟ್ಟರು. ಮುಂದಿನ ವಾರ ಅವನು ಇನ್ನೂ ಎರಡು ಮಾಡಿಕೊಂಡು ಬಾಗಿಲಿಗೆ ಬಂದ. "ಮೊದಲ್ನೇದಕ್ಕಿಂತ ಇವು ಸಂದಾಕಿ ಕೂಗ್ತವೆ ಅಮ್ಮಾರೆ!"

ಮಾವನಿಗೆ ನಕ್ಕೂ ನಕ್ಕೂ ಕೆಮ್ಮು ಬಂತಂತೆ. "ನಿನ್ನ ದಯೆಯಿಂದ ಅವನಿಗೆ ಒಂದು ಅಂಗಡಿ ಇಟ್ಟುಕೊಟ್ಟ ಹಾಗಾಯ್ತಲ್ಲೇ!"

"ನಗಬೇಡ್ರಿ. ದಯೆ ಮಾಡೋದಕ್ಕೂ ತಲೆ ಬೇಕು ಅಂತ ಗೊತ್ತಾಯ್ತು" ಎಂದರಂತೆ ಅತ್ತೆ. ಅವನಿಗೆ ಊಟಕ್ಕಿಕ್ಕಿ, ಸೀಟಿ ಬೇಡವೆಂದು ಕಳಿಸಿದರು. ಇದನ್ನು ಅವರೇ ನನಗೆ ಹೇಳಿದ್ದು, ಸ್ವಲ್ಪವೂ ಮುಚ್ಚುಮರೆಯಿಲ್ಲದೆ.

ಎಂಜಲಿನ ವಿಷಯದಲ್ಲಂತೂ ಅವರು ಬಿಗಿ. ಕೊಳಲು ಮುಟ್ಟಿದ ಕೈಯನ್ನು ತೊಳೆದೇ ನೀರಿನ ಕೊಡ ಮುಟ್ಟಬೇಕು. ಕಾಲೇಜಿನಲ್ಲಿ ಓದಿದ ನಾನು ಇದಕ್ಕೆ ಮುಖ ಗಂಟಿಕ್ಕಬೇಕಾಗಿತ್ತು. ಆದರೆ ಮಗಳು ಚಂದನಾ ಹುಟ್ಟಿದ ಮೇಲೆ ನನ್ನ ತಲೆಯೊಳಗೆ ರೋಗಾಣುಗಳದೇ ಸಂತೆ. ಎಷ್ಟು ಜನರ ಬಾಯಿ ಕಂಡವೋ ಈ ಸೀಟಿಗಳು, ನಾಳೆ ಮಗುವಿನ ಕೈಗೆ ಸಿಕ್ಕಿ ಬಾಯಿಗೆ ಹೋದರೆ? "ಅತ್ತೆ, ಕೆಳಗಿನ ಸಾಲನ್ನ ಸ್ವಲ್ಪ ಮೇಲೆ ಹಾಕೋಣ್ವಾ?" ಎಂದೆ ಅಳುಕುತ್ತ. "ಅಯ್ಯೋ, ಎಂಜಲು! ಮಗುಗೆ ಎಟುಕೋ ಹಾಗೆ ಬಿಡ್ತೀನಾ?" ಎಂದು ಅತ್ತೆ ಅಂದೇ ಸುತ್ತಿಗೆ ತರಿಸಿದರು. ಕೆಳಸಾಲಿನ ಕೊಳಲುಗಳೆಲ್ಲ ಮೇಲಕ್ಕೆ ಹೋಗಿ, ತೊಲೆಯ ಪಕ್ಕ, ತೊಟ್ಟಿಲಿನ ನೆತ್ತಿಗೆ ಸರಿಯಾಗಿ ನಿಂತವು.

ಆ ಸಾಲಿನಲ್ಲೇ ದ್ಯಾವಯ್ಯನ ಕೊಳಲೂ ಇತ್ತು.

ದ್ಯಾವಯ್ಯ ಗಂಡಸಿ ಕಡೆಯ ಕುರಿಗಾರ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಲು ವರ್ಷಕ್ಕೊಮ್ಮೆ ಈ ಕಡೆ ಬರುವವನು. ಅವನ ಅಪ್ಪ ವಾಟೆಬಿದಿರಿನಲ್ಲಿ ಮಾಡಿದ, ತೋಳುದ್ದದ, ಕೈಗಳ ಜಿಡ್ಡಿಗೆ ಕಪ್ಪಗೆ ಹೊಳೆಯುವ ಕೊಳಲು ಅದು. ಅತ್ತೆ ಅದನ್ನು ಬೇಕೆಂದು ಕೇಳಿಯೂ ಇರಲಿಲ್ಲ, ಕೊಂಡೂ ಇರಲಿಲ್ಲ. ಅವನೇ ತಂದು ಒಪ್ಪಿಸಿದ್ದ.

"ನನ್ನ ಮಕ್ಳಿಗೆ ಇದ್ರ ಗೊಡವೆ ಇಲ್ಲ ಅಮ್ಮಾರೆ. ಒಬ್ಬ ಆಗ್ಲೇ ಇದ್ರಲ್ಲಿ ಕುರಿಗೆ ಬಾರಿಸ್ದ. ನಿಮ್ಮ ಗೋಡೆ ಮ್ಯಾಲಿದ್ರೆ ಮುರಿಯಲ್ಲ. ವರ್ಸಕ್ಕೊಂದ್ಸಲ ಬತ್ತೀನಿ, ಊದ್ತೀನಿ. ಮತ್ತೆ ನೇತಾಕಿ."

ನಾನು ಬಂದ ಮೊದಲ ವರ್ಷ ಅವನು ಜಗಲಿಯಲ್ಲಿ ಕೂತು ಊದಿದ್ದನ್ನು ಕೇಳಿದ್ದೆ. ಕೆಳಗಿನ ಸ್ವರ ಹಿಡಿದಾಗ ಹಿತ್ತಿಲಲ್ಲಿ ಪಾತ್ರೆ ಉಜ್ಜುವ ಸದ್ದು ನಿಂತುಹೋಯಿತು. ರಾಗ ತಾಳ ಗೊತ್ತಿಲ್ಲದ ನನಗೂ, ಯಾರೋ ನನ್ನನ್ನು ಹೆಸರು ಹಿಡಿದು ಕರೆದ ಹಾಗಾಯಿತು. "ಗೋಡೆ ಮೇಲಿರೋದೆಲ್ಲ ನನ್ನವು, ಇದೊಂದು ನನ್ನದಲ್ಲ. ಅದಕ್ಕೇ ಇದರ ಮೇಲೆ ಕಣ್ಣು ಜಾಸ್ತಿ" ಎಂದು ಅತ್ತೆ ಹೇಳಿದ್ದರು.

ಎಪ್ಪತ್ತೊಂಬತ್ತರ ಮಳೆಗಾಲ. ಚಂದನಾ ಇನ್ನೂ ಮಗುಚಿಕೊಳ್ಳಲು ಕಲಿಯುತ್ತಿದ್ದಳು. ಒಂದು ಬೆಳಿಗ್ಗೆ ತೊಟ್ಟಿಲಿನ ಬಟ್ಟೆಯ ಮೇಲೆ, ಮಗುವಿನ ಹುಬ್ಬಿನ ಮೇಲೆ, ಹಳದಿ ಬಣ್ಣದ ನುಣ್ಣನೆಯ ಹಿಟ್ಟು. ಒರೆಸಿದೆ. ಮಾರನೆಯ ದಿನ ಮತ್ತೆ. ಕಣ್ಣಿಗೆ ಬಿದ್ದರೆ, ಮೂಗಿಗೆ ಹೋದರೆ, ಉಸಿರು ಕಟ್ಟಿದರೆ ಎಂದು ನಾನು ಕೂಗಿದ ಕೂಗಿಗೆ ಮಾವ ಅರ್ಧ ಬೋಳಿಸಿದ ಗಡ್ಡದಲ್ಲೇ ಓಡಿಬಂದರು. ಬೆರಳಲ್ಲಿ ಹಿಟ್ಟನ್ನು ತೀಡಿ ನೋಡಿ, ತಲೆ ಎತ್ತಿ ಗೋಡೆ ನೋಡಿದರು.

"ಕುಟ್ಟೆ ಹುಳ. ನಿನ್ನ ಕೊಳಲಿಗೆ ಕುಟ್ಟೆ ಹಿಡಿದಿದೆ ಕಣೇ."

ಅತ್ತೆ ಸ್ಟೂಲು ಹತ್ತಿ ಮೊದಲು ತೆಗೆದದ್ದು ದ್ಯಾವಯ್ಯನ ಕೊಳಲನ್ನೇ. ಅಂಗೈಗೆ ಬಡಿದರು. ಸಾಸಿವೆಯಷ್ಟು ಹಿಟ್ಟು ಉದುರಿತು. ಅವರ ಮುಖ ಸಪ್ಪಗಾದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಸಂಜೆ ನನ್ನ ಗಂಡ ಅರಸೀಕೆರೆಯಿಂದ ಒಂದು ಡಬ್ಬ ಹುಳದ ಪುಡಿ ತಂದರು. "ನಾಳೆ ಸಾಯಂಕಾಲದೊಳಗೆ ಮುಗೀತು ಬಿಡಮ್ಮ."

"ಏನು ಮುಗೀತು?"

"ಹುಳ."

"ಹಾಗೆ ಪೂರ್ತಿ ಹೇಳು. ಬರೀ ಮುಗೀತು ಅಂದ್ರೆ ಏನೋ ಕೆಲಸ ಮುಗಿದ ಹಾಗೆ ಕೇಳಿಸುತ್ತೆ." ಅತ್ತೆ ಡಬ್ಬವನ್ನು ಮುಟ್ಟಲಿಲ್ಲ. "ಚಾತುರ್ಮಾಸ ನಡೀತಿದೆ ಧನ್ಯ. ನೆಲದ ಮೇಲೆ ಹುಳ ಹುಪ್ಪಟೆ ಜಾಸ್ತಿ, ಕಾಲಿಗೆ ಸಿಕ್ಕಾವು ಅಂತ ಮುನಿಗಳೇ ನಾಲ್ಕು ತಿಂಗಳು ನಡೆಯೋದು ಬಿಟ್ಟು ಒಂದೇ ಊರಲ್ಲಿ ಕೂತಿರ್ತಾರೆ. ನಾನು ಮನೆಯೊಳಗೆ ಕೂತು ವಿಷ ಹಾಕ್ಲಾ?"

"ಹಾಗಾದ್ರೆ ಬಿಸಿಲಿಗಿಡು."

"ಸೂರ್ಯ ಎಲ್ಲಿದ್ದಾನೆ ತೋರಿಸು. ಇದ್ದಿದ್ರೂ ಅಷ್ಟೇ, ಒಳಗಿರೋವು ಬೆಂದು ಸಾಯ್ತವೆ."

"ದ್ಯಾವಯ್ಯನಿಗೆ ಏನು ಹೇಳ್ತೀಯ? ನಮ್ಮ ಧರ್ಮ ಉಳೀತು, ನಿನ್ನ ಕೊಳಲು ಹೋಯ್ತು ಅಂತೀಯಾ?"

ಈ ಮಾತು ನಾಟಿತು. ಅತ್ತೆ ಕೊಳಲನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಹೇಳಿದರು, "ಕೊಳಲೂ ಉಳೀಬೇಕು, ಹುಳವೂ ಉಳೀಬೇಕು. ಅವನು ಬರೋವರೆಗೆ ಟೈಮಿದೆ. ಪದ್ಮಾ, ನೀನೇನಂತೀಯ?"

ನನ್ನನ್ನು ಯಾಕಾದರೂ ಕೇಳಿದರೋ. ಹುಳ ನೆನೆದರೂ ನನಗೆ ಮೈ ಜುಮ್ಮೆನ್ನುತ್ತಿತ್ತು. ತೊಟ್ಟಿಲ ಪಕ್ಕ ಆ ವಿಷದ ಪುಡಿ ಎಂದರೆ ಅದಕ್ಕಿಂತ ಹೆಚ್ಚು. "ನಂಗೆ ಹುಳಾನೂ ಬೇಡ ಅತ್ತೆ, ಪುಡೀನೂ ಬೇಡ" ಎಂದೆ, ಅಳುವ ದನಿಯಲ್ಲಿ.

"ಆಯ್ತಲ್ಲ, ನಾವಿಬ್ರೂ ಒಂದೇ ಪಕ್ಷ. ಹೋಗು, ಒಂದು ಬಿಳೀ ಪಂಚೆ ತಾ."

ಮೊದಲು ತೊಟ್ಟಿಲು ಒಳಕೋಣೆಗೆ ಹೋಯಿತು. ಗೋಡೆಯ ಕೊಳಲುಗಳೆಲ್ಲ ಇಳಿದು ಗಾಡಿ ಕೊಟ್ಟಿಗೆಗೆ ಹೋದವು. ಅಲ್ಲಿ ಪಂಚೆ ಹಾಸಿ, ಒಂದೊಂದನ್ನೂ ಅದರ ಮೇಲೆ ಮೆಲ್ಲಗೆ ಬಡಿದು ನೋಡಿದೆವು. ಹಿಟ್ಟು ಬಿದ್ದರೆ ಅತ್ತೆ "ಒಕ್ಕಲಿದೆ" ಎನ್ನುವರು, ಬೀಳದಿದ್ದರೆ "ಖಾಲಿ ಮನೆ." ಖಾಲಿ ಮನೆಗಳಿಗೆ ಒಳಗೂ ಹೊರಗೂ ಹೊಂಗೆ ಎಣ್ಣೆ ಸವರಿ ದೂರ ಇಟ್ಟೆವು. ಎಣ್ಣೆ ಬಿದ್ದ ಮರದ ಹತ್ತಿರ ಕುಟ್ಟೆ ಸುಳಿಯುವುದಿಲ್ಲವಂತೆ. ಒಕ್ಕಲಿದ್ದವುಗಳಲ್ಲಿ ತೀರ ಟೊಳ್ಳಾಗಿದ್ದ ಕೆಲವನ್ನು ಅತ್ತೆ ಬೇರೆ ಮಾಡಿ, "ಇವು ಅವುಗಳ ಪಾಲಿಗೆ ಹೋಯ್ತು" ಎಂದು ಹಿತ್ತಿಲಾಚೆಯ ಪೊದೆಯಲ್ಲಿ ಇಟ್ಟುಬಂದರು. ಅವುಗಳಲ್ಲಿ ಎಷ್ಟೋ ವರ್ಷದಿಂದ ಜೋಪಾನ ಮಾಡಿದ ಕೊಳಲೂ ಇತ್ತು. ಹಿಂದಿರುಗಿ ನೋಡಲಿಲ್ಲ.

ದ್ಯಾವಯ್ಯನ ಕೊಳಲಿನಲ್ಲೂ ಒಕ್ಕಲಿತ್ತು. ಅದಕ್ಕೆ ಅತ್ತೆ ಒಂದು ಉಪಾಯ ಹೂಡಿದರು. ಬುಟ್ಟಿ ಹೆಣೆಯುವ ಮೇದರ ಮನೆಯ ಮುಂದೆ ಬಿದ್ದಿದ್ದ ಹಸಿಬಿದಿರಿನ ತುಂಡುಗಳನ್ನು ಮಾವನಿಂದ ತರಿಸಿ, ಕೊಳಲಿನ ಎರಡು ಪಕ್ಕದಲ್ಲೂ ಜೋಡಿಸಿ, ಮೂರನ್ನೂ ಸೇರಿಸಿ ತೆಳುಬಟ್ಟೆಯಲ್ಲಿ ಸಡಿಲವಾಗಿ ಸುತ್ತಿದರು.

"ಒಳಗಿರೋ ಮರಿ ರೆಕ್ಕೆ ಬಂದಾಗ ಆಚೆ ಬಂದೇ ಬರುತ್ತೆ. ಬಂದಾಗ ಪಕ್ಕದಲ್ಲೇ ಸಿಹಿಯಾದ ಹಸಿಬಿದಿರಿದ್ರೆ ಈ ಒಣಕಲು ಮುದುಕನ್ನ ಯಾಕೆ ತಿನ್ನುತ್ತೆ? ಅಲ್ಲಿಗೇ ಹೋಗುತ್ತೆ. ನಾವು ಆ ತುಂಡನ್ನ ಎತ್ತಿಕೊಂಡು ಹೋಗಿ ಪೊದೇಲಿ ಇಡೋದು, ಹೊಸ ತುಂಡು ಹಾಕೋದು."

"ಹುಳಕ್ಕೆ ಬಾಣಂತನ!" ಎಂದರು ನನ್ನ ಗಂಡ. "ಎಣ್ಣೆ ನೀರು ಹಾಕೋದೊಂದು ಬಾಕಿ."

"ನಿನ್ನನ್ನ ಹೆತ್ತಾಗಲೂ ಜನ ಹೀಗೇ ನಕ್ಕಿದ್ರು. ಇಷ್ಟು ಸಣ್ಣಗಿದ್ದೆ" ಎಂದು ಅತ್ತೆ ಕಿರುಬೆರಳು ತೋರಿಸಿದರು.

ಆಮೇಲಿನದೆಲ್ಲ ಕಾಯುವ ಕೆಲಸ. ಮಗು ಮಲಗಿದಾಗ ನಾನು ಕೊಟ್ಟಿಗೆಗೆ ಹೋಗಿ ಬಟ್ಟೆ ಸರಿಸಿ ನೋಡುತ್ತಿದ್ದೆ. ಏನೂ ಆಗಿಲ್ಲದಿದ್ದರೆ ಹುಳ ಒಳಗೇ ಕೂತು ಪೂರ್ತಿ ತಿನ್ನುತ್ತಿದೆಯೆಂದು ಚಿಂತೆ. ಹಿಟ್ಟು ಬಿದ್ದಿದ್ದರೆ ಬಿದ್ದಿದೆಯಲ್ಲ ಎಂದು ಚಿಂತೆ. ಹುಳ ನನ್ನ ಸೆರಗಿಗೆ ಅಂಟಿಕೊಂಡು ತೊಟ್ಟಿಲಿಗೆ ಬಂದೀತೆಂದು ಪ್ರತಿ ಸಲ ಸೆರಗು ಕೊಡವಿ ಒಳಗೆ ಬರುತ್ತಿದ್ದೆ. ಅತ್ತೆಗೆ ಯಾವ ಗಾಬರಿಯೂ ಇರಲಿಲ್ಲ. "ದಿನಾ ಬಿಚ್ಚಿ ನೋಡಿದ್ರೆ ಹಪ್ಪಳವೂ ಒಣಗಲ್ಲ ಕಣೇ" ಎನ್ನುವರು.

ಮಳೆ ಹಿಂದಾಗುತ್ತ ಬಂದ ಹೊತ್ತಿಗೆ ಒಂದು ಹಸಿತುಂಡಿನ ಕೊನೆಯಲ್ಲಿ ಸೂಜಿ ಚುಚ್ಚಿದಂಥ ಹೊಸ ತೂತು ಕಂಡಿತು. ಪಕ್ಕದಲ್ಲಿ ಎಳ್ಳಿನ ಗಾತ್ರದ ಕಂದು ಹುಳವೊಂದು ತಲೆತಗ್ಗಿಸಿ ಕೊರೆಯುತ್ತಿತ್ತು. ನಾನು ಕಿರುಚಿದೆ. ಅತ್ತೆ ಬಂದು ನೋಡಿ, "ಹೊರಟರು, ಹೊರಟರು" ಎಂದು ಮದುವೆ ದಿಬ್ಬಣ ನೋಡಿದವರಂತೆ ಸಂಭ್ರಮಪಟ್ಟು, ಆ ತುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪೊದೆಯ ಕಡೆ ನಡೆದರು. ಹಾಗೆ ಆಗಾಗ ತುಂಡುಗಳು ಹೊರಗೆ ಹೋದವು, ಹೊಸವು ಬಂದವು. ಒಳಗೆ ಇನ್ನೂ ಎಷ್ಟು ಉಳಿದಿವೆಯೆಂದು ಹೇಳುವವರು ಯಾರು?

ಅಷ್ಟರಲ್ಲಿ ದ್ಯಾವಯ್ಯ ಬಂದುಬಿಟ್ಟ. ದೀಪಾವಳಿ ಕಳೆದ ಮೇಲೆ ಬರುವವನು ಆ ವರ್ಷ ನವರಾತ್ರಿಗೇ ಬಂದು ಜಗಲಿಯ ಮೇಲೆ ಕಂಬಳಿ ಇಳಿಸಿದ. ಒಳಗೆ ಕಣ್ಣುಹಾಯಿಸಿ, "ಗೋಡೆ ಬೋಳಾಗೈತಲ್ಲ ಅಮ್ಮಾರೆ. ಸುಣ್ಣ ಹೊಡೆಸ್ತೀರಾ?" ಎಂದ.

ಇನ್ನೂ ಸ್ವಲ್ಪ ದಿನ ಬಿಟ್ಟು ಬಾ ಅನ್ನಬಹುದಿತ್ತು, ಏನಾದರೊಂದು ನೆಪ ಹೇಳಬಹುದಿತ್ತು. ಅತ್ತೆ ನೇರವಾಗಿ ಹೇಳಿದರು. "ನಿನ್ನ ಕೊಳಲಿಗೆ ಕುಟ್ಟೆ ಹಿಡೀತು ದ್ಯಾವಯ್ಯ. ಔಷಧಿ ಹಾಕಿದ್ರೆ ಹುಳ ಸಾಯ್ತಿದ್ವು, ಹಾಕಲಿಲ್ಲ. ಅವು ತಾವಾಗೇ ಹೋಗೋ ಹಾಗೆ ಮಾಡಿದೀನಿ. ಪೂರ್ತಿ ಹೋಗಿವೆಯೋ ಇಲ್ಲವೋ ನಾನೂ ಬಡಿದು ನೋಡಿಲ್ಲ. ಬಾ, ಇಬ್ರೂ ನೋಡೋಣ."

ಕೊಟ್ಟಿಗೆಯಲ್ಲಿ ಬಟ್ಟೆ ಬಿಚ್ಚಿದರು. ಅತ್ತೆ ಕೊಳಲನ್ನು ಪಂಚೆಯ ಮೇಲೆ ಬಡಿದರು. ಏನೂ ಬೀಳಲಿಲ್ಲ. ಇನ್ನೊಂದು ಸಲ ಬಡಿದರು. ಪಂಚೆ ಬಿಳಿಯಾಗಿಯೇ ಇತ್ತು. "ಖಾಲಿ ಮನೆ" ಎಂದರು ನನ್ನ ಕಡೆ ತಿರುಗಿ. ನಾನು ಉಸಿರು ಬಿಟ್ಟೆ. ಆದರೆ ದ್ಯಾವಯ್ಯ ಕೊಳಲನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರುತ್ತಿದ್ದ. ಬೆರಳಿಡುವ ತೂತುಗಳ ನಡುವೆ ಹುಳಗಳು ಹೊರಬಿದ್ದ ಸಣ್ಣ ಸಣ್ಣ ತೂತುಗಳಿದ್ದವು. ಅವನು ತುಟಿಗಿಟ್ಟು ಊದಿದ. ಸ್ವರ ಬರಲಿಲ್ಲ. ಬಿರುಕು ಬಾಗಿಲಿನ ಗಾಳಿಯಂತೆ ಬುಸ್ ಎಂದಿತು.

ಅವನು ಕೊಳಲನ್ನು ಕೆಳಗಿಳಿಸಿ ಮೆಲ್ಲಗೆ ಹೇಳಿದ. "ನೀವು ಹುಳಾನ ಕಾದ್ರಿ ಅಮ್ಮಾರೆ. ನಮ್ಮಪ್ಪಂದನ್ನ ಕಾಯ್ನಿಲ್ಲ."

ಮಾವ ಏನೋ ಸಮಾಧಾನ ಹೇಳಲು ಹೊರಟರು. ಅತ್ತೆ ಕೈಯೆತ್ತಿ ತಡೆದರು. "ಅವನು ಹೇಳಿದ್ದು ಸರಿ ಇದೆ ರೀ. ಎರಡನ್ನೂ ಕಾಯೋಕೆ ಹೊರಟೆ. ಹುಳ ಪೂರ್ತಿ ಉಳೀತು, ಕೊಳಲು ಮುಕ್ಕಾಲು ಉಳಿದಿದೆ. ಮಿಕ್ಕ ಕಾಲು ಭಾಗ ಈಗ ಮಾಡ್ಬೇಕು. ಈ ಸಣ್ಣ ತೂತು ಮುಚ್ಚಿದ್ರೆ ನುಡಿಯುತ್ತೋ ಇಲ್ಲವೋ, ಹೇಳು."

"ಮುಚ್ಚಿದ್ರೆ ನುಡೀಬೋದು." ದ್ಯಾವಯ್ಯ ಸೊಂಟದ ಚೀಲಕ್ಕೆ ಕೈಹಾಕಿ ಒಂದು ಕಪ್ಪು ಉಂಡೆ ತೆಗೆದ. "ಜೇನುಮೇಣ ಐತೆ."

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. ಜೇನು ಕೀಳುವಾಗ ಸಾಯುವ ಹುಳಗಳ ಲೆಕ್ಕವಿಲ್ಲವೆಂದು ನಮ್ಮ ಮನೆಗೆ ಜೇನುತುಪ್ಪವೂ ಬರುವುದಿಲ್ಲ. "ಕೊಳಲು ನಿಂದು, ಮೇಣ ನಿಂದು, ಬೇಡ ಅನ್ನೋಕೆ ನಾನ್ಯಾರು. ಒಂದು ನಿಮಿಷ ತಡೀತೀಯಾ?"

ಒಳಗೆ ಹೋಗಿ ಒಂದು ಕಡ್ಡಿ ತಂದರು. ಹಲಸಿನಹಣ್ಣು ಬಿಡಿಸುವಾಗ ಬರುವ ಅಂಟನ್ನು ಕಡ್ಡಿಗೆ ಸುತ್ತಿ ಗೋಡೆಯ ಸಂದಿಯಲ್ಲಿಡುವುದು ನಮ್ಮಲ್ಲಿ ಪದ್ಧತಿ. ತೂತುಬಿದ್ದ ಕೊಡ, ಬಕೆಟ್ಟಿಗೆ ಬೇಕಾಗುತ್ತದೆ. "ಇದು ಮರದ್ದು. ನಮ್ಮ ಹಿತ್ತಾಳೆ ಕೊಡದ ತೂತಿಗೆ ಹಾಕಿ ಎರಡು ಬೇಸಿಗೆ ಆಯ್ತು, ಒಂದು ತೊಟ್ಟು ಸೋರಿಲ್ಲ. ಸರಿಹೋಗ್ಲಿಲ್ಲ ಅಂದ್ರೆ ನಿನ್ನ ಮೇಣ ಇದ್ದೇ ಇದೆ."

ದ್ಯಾವಯ್ಯ ಅನುಮಾನದಿಂದಲೇ ಕಡ್ಡಿಯನ್ನು ಕೆಂಡದ ಮೇಲೆ ಹಿಡಿದ. ಅಂಟು ಮೆತ್ತಗಾಯಿತು. ಒಂದೊಂದೇ ತೂತಿಗೆ ಎಳೆ ಇಟ್ಟು, ಬೆರಳನ್ನು ಬೂದಿಗೆ ಅದ್ದಿ ಒತ್ತಿ ನಯ ಮಾಡಿದ. ಆರುವವರೆಗೆ ನನ್ನ ಮಗಳದೊಂದೇ ಮಾತು. ಆಮೇಲೆ ಊದಿದ.

ಸ್ವರ ಬಂತು. ಮೊದಲಿನ ಹಾಗೆ ಇರಲಿಲ್ಲ; ಕೆಳಗಿನ ಸ್ವರದಲ್ಲಿ ನೆಗಡಿಯಾದವರ ಗಂಟಲಿನಂತೆ ಒಂದು ಸಣ್ಣ ಒರಟು ಸೇರಿಕೊಂಡಿತ್ತು. ದ್ಯಾವಯ್ಯ ಕಣ್ಣುಮುಚ್ಚಿ ಇನ್ನೊಂದು ಸಲ ಆ ಸ್ವರವನ್ನೇ ಹಿಡಿದ. ಕಣ್ಣು ಬಿಟ್ಟು ಹೇಳಿದ, "ನಮ್ಮಪ್ಪಂಗೂ ವಯಸ್ಸಾದಾಗ ಗಂಟ್ಲು ಹಿಂಗೇ ಆಗಿತ್ತು."

ಅತ್ತೆ ಎಣ್ಣೆ ಬಟ್ಟಲು ತಂದು ಮುಂದಿಟ್ಟರು. "ಒಳಗೂ ಹೊರಗೂ ಸವರು. ಸವರಿ ನೀನೇ ತಗೊಂಡು ಹೋಗು. ಗೋಡೆ ಮೇಲೆ ಸುಮ್ಮನೆ ನೇತಾಡ್ತಿದ್ದದ್ದಕ್ಕೇ ಹುಳ ಸೇರಿಕೊಂಡಿದ್ದು. ದಿನಾ ಉಸಿರಾಡಿಸಿ, ಕೈ ಆಡಿಸ್ತಿದ್ರೆ ಹತ್ತಿರ ಬರ್ತಿರಲಿಲ್ಲ."

"ಮತ್ತೆ ನೀವು?"

"ವರ್ಷಕ್ಕೊಂದು ಸಲ ಬಾ. ಕೇಳ್ತೀನಿ." ಹಾಗೆಂದವರೇ, ಎಣ್ಣೆ ಸವರಿಟ್ಟಿದ್ದ ಕೊಳಲುಗಳಿಂದ ಎರಡನ್ನು ಆರಿಸಿ ಅವನ ಕಂಬಳಿಯ ಮೇಲಿಟ್ಟರು. "ಇವನ್ನೂ ಒಯ್ದು ನಿಮ್ಮ ಕಡೆ ಊದೋರಿಗೆ ಕೊಡು. ಬಾರಿಸೋರಿಗಲ್ಲ. ಯಾರಿಗೆ ಕೊಟ್ಟೆಯೋ ಅವರು ಒಂದು ಸಲ ಬಂದು ಕೇಳಿಸಿಹೋಗ್ಬೇಕು, ಅಷ್ಟೇ ಕರಾರು."

"ಹೀಗಾದ್ರೆ ಗೋಡೆ ಖಾಲಿ ಆಗುತ್ತೆ ಕಣೇ" ಎಂದರು ಮಾವ.

"ಆಗ್ಲಿ ಬಿಡಿ. ಕೇಳೋಳು ನಾನೋ ಗೋಡೆಯೋ?"

ದ್ಯಾವಯ್ಯ ಊಟ ಮುಗಿಸಿ, ಕಂಬಳಿ ಹೆಗಲಿಗೆ ಹಾಕಿ ಕೆರೆ ಏರಿಯ ಕಡೆ ಹೊರಟ. ಕುರಿಗಳು ಮುಂದೆ ಹೋಗಿದ್ದವು. ಅವನು ನಡೆಯುತ್ತಲೇ ಊದತೊಡಗಿದ. ಅತ್ತೆ ಜಗಲಿಯ ಕಂಬ ಹಿಡಿದು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತಿದ್ದರು. ಅವನು ಅಂಗಿಯ ಗುಂಡಿಯಷ್ಟು ಚಿಕ್ಕದಾಗಿ ಕಾಣುವಷ್ಟು ದೂರ ಹೋದ ಮೇಲೆ ಅವರ ಹುಬ್ಬು ಗಂಟಾಯಿತು.

"ಪದ್ಮಾ, ಇನ್ನೊಂದು ತೂತು ಉಳಿದಿದೆ. ಮೂರನೇ ಬೆರಳೆತ್ತಿದಾಗ ಗಾಳಿ ಸೋರ್ತಿದೆ. ಆ ಅಂಟಿನ ಕಡ್ಡಿ ತಗೊಂಡು ಓಡು."

"ಮಗು, ಅತ್ತೆ..."

"ಎತ್ಕೊಂಡೇ ಓಡೇ!"

ಓಡಿದೆ. ಮೈಸೂರಿನಲ್ಲಿ ಬಸ್ಸಿಗೂ ಓಡದವಳು, ಸೊಂಟದ ಮೇಲೆ ಮಗು, ಕೈಯಲ್ಲಿ ಅಂಟಿನ ಕಡ್ಡಿ, ಎಡವಿದರೆ ಮಗುವಿನ ತಲೆಗೇನಾದೀತು ಎಂಬ ಭಯ ಹೊತ್ತುಕೊಂಡು ಏರಿಯ ಮೇಲೆ ಓಡಿದೆ. ಟೂರಿಸ್ಟ್ ಬಸ್ಸಿನಿಂದ ಇಳಿಯುತ್ತಿದ್ದವರು ನಿಂತು ನೋಡಿದರು.

"ಏನವ್ವಾ, ಏನಾಯ್ತು?" ದ್ಯಾವಯ್ಯ ಗಾಬರಿಯಾಗಿ ನಿಂತ.

"ಸೋರ್ತಿದೆಯಂತೆ. ಮೂರನೇ ಬೆರಳಲ್ಲಿ."

ಅವನು ನಂಬದೆ ಕೊಳಲನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಅಡಿಭಾಗದಲ್ಲಿ, ಕೂದಲು ತೂರುವಷ್ಟು ಸಣ್ಣದೊಂದು ತೂತು. "ಊದೋನು ನಾನು, ನಂಗೇ ತಿಳೀನಿಲ್ಲ. ನಿಮ್ಮತ್ತೆ ಕಿವಿ ಐತಲ್ಲವ್ವಾ, ಅಂಥದ್ದು ನನ್ನ ಕುರೀಗೂ ಇಲ್ಲ" ಎನ್ನುತ್ತ ಬೀಡಿಯ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಗೀರಿ ಅಂಟನ್ನು ಕಾಯಿಸಿ ಮೆತ್ತಿದ. ಮನೆಯ ಕಡೆ ತಿರುಗಿ ಆ ಸ್ವರವನ್ನೇ ಎರಡು ಸಲ ಊದಿದ. ದೂರದ ಜಗಲಿಯ ಮೇಲೆ ಅತ್ತೆ ಕೈ ಮೇಲೆತ್ತಿ ಇಳಿಸಿದರು. ಸರಿಯಾಯಿತು, ಹೋಗು ಎಂದು.

ಅವನು ಹೋದ. ನಾನು ಏದುಸಿರು ಬಿಡುತ್ತ ನಿಂತು ನೋಡಿಕೊಂಡಾಗ ಚಂದನಾಳ ಹೆಬ್ಬೆರಳಿಗೆ ಅಂಟು ಮೆತ್ತಿತ್ತು. ಬಾಯಿಗೆ ಹೋಗುವ ಮೊದಲೇ ಕೈ ಹಿಡಿದುಕೊಂಡೆ. ಮನೆಯಲ್ಲಿ ಕೊಬ್ಬರಿ ಎಣ್ಣೆಗೇನು ಬರವಿಲ್ಲ, ಹಚ್ಚಿ ಉಜ್ಜಿದರೆ ಬಿಡುತ್ತದೆ.